ಬುಟ್ಟಿಯಡಿಯ ಹೆಜ್ಜೆ

ದೆವ್ವ, ಶಕುನ ಎಂದು ಮಾತು ತೆಗೆದವರ ಬಾಯಿ ಮುಚ್ಚಿಸುತ್ತಿದ್ದವನು ನಾನು. ಬೆಳ್ಳಟ್ಟಿಯಲ್ಲಿ ಮಾಸ್ತರನಾಗಿದ್ದೆ, ಹುಡುಗರಿಗೆ ಹೇಳುವುದನ್ನು ನಾನೂ ನಂಬಬೇಕಲ್ಲ ಎಂಬ ಹಟ ಬೇರೆ. ಈಗ ಅಂಥ ಮಾತು ಬಂದರೆ ಸುಮ್ಮನೆ ಎದ್ದು ಹೋಗುತ್ತೇನೆ. ಯಾಕೆಂಬುದನ್ನು ನಡೆದದ್ದು ನಡೆದಂತೆ ಬರೆಯುತ್ತೇನೆ. ನೀವು ನಂಬಲೇಬೇಕೆಂದೇನೂ ಇಲ್ಲ.

ನಮ್ಮ ಸೀಮೆ ಮುಂಬೈ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದ ಹೊಸತು. ನನ್ನ ಹೆಂಡತಿ ಗೌರಿ ಹೆರಿಗೆಯಲ್ಲಿ ಕೂಸನ್ನು ಕಳೆದುಕೊಂಡು, ಜ್ವರ ಹಿಡಿದು, ಎದ್ದು ನಿಲ್ಲಲಾರದಂತಾಗಿದ್ದಳು. ಕೊರ್ಲಹಳ್ಳಿಯ ತವರಿಗೆ, ಅವ್ವನ ಹತ್ತಿರ ಹೋಗಬೇಕೆಂದು ಅವಳ ಆಸೆ. ಗದಗಿನ ದವಾಖಾನೆಗೇ ಹೋಗಬೇಕೆಂದು ನನ್ನ ಹಟ. ಚಕ್ಕಡಿಯಲ್ಲಿ ಲಕ್ಷ್ಮೇಶ್ವರ ಮುಟ್ಟುವಷ್ಟರಲ್ಲಿ ಗದಗಿನ ಕೊನೆಯ ಬಸ್ಸು ಹೋಗಿಬಿಟ್ಟಿತ್ತು.

ಇಳಿದುಕೊಳ್ಳಲು ಎರಡು ಜಾಗ. ಬಸ್ ಸ್ಟ್ಯಾಂಡಿನ ಬಳಿ ಮಂಚ, ಗಾದಿ ಇದ್ದ ಹೊಸ ಲಾಡ್ಜು ಒಂದು. ಇನ್ನೊಂದು ಸೋಮೇಶ್ವರ ಗುಡಿಯ ಹಿಂದೆ, ಪರಊರಿನ ಭಕ್ತರಿಗೆ ತಲೆತಲಾಂತರದಿಂದ ಜಾಗ ಕೊಡುತ್ತಿದ್ದ ಹಳೆಯ ಮನೆ. ಸಗಣಿ ಸಾರಿಸಿದ ನೆಲ, ಹಾಸಲು ಕಂಬಳಿ. ನಾನು ಲಾಡ್ಜು ಎಂದೆ.

“ಗುಡಿ ಗಂಟಿ ಕೇಳೂವಲ್ಲೆ ಇರೂಣ್ರಿ. ಇದೊಂದರ ನನ್ನ ಮಾತು ಕೇಳ್ರಿ” ಎಂದಳು ಗೌರಿ. ತವರಿನ ಮಾತನ್ನಂತೂ ಕೇಳಿರಲಿಲ್ಲ, ಇದಾದರೂ ಆಗಲಿ ಎಂದು ಒಪ್ಪಿದೆ.

ಮನೆಯಾಕೆ ಬಾಗಿಲಲ್ಲೇ ಕೈ ಮುಗಿದಳು. “ಅತ್ತಿ ತೀರಿಕೊಂಡಾಳ್ರಿ. ಸೂತಕದ ಮನಿ, ಒಳಗ ಬರಬ್ಯಾಡ್ರಿ.”

ಗೌರಿ ಆಗಲೇ ಕಟ್ಟೆಗೆ ಒರಗಿ ಕಣ್ಣು ಮುಚ್ಚಿದ್ದಳು. “ನಮಗ ಸೂತಕ ಗೀತಕ ಏನೂ ಇಲ್ಲ ಯವ್ವಾ” ಎಂದು ಅವಳನ್ನು ಎತ್ತಿಕೊಂಡು ಹೊಸ್ತಿಲು ದಾಟಿದೆ.

ಪಡಸಾಲೆಯಲ್ಲಿ ಮಲಗಿಸಿದೆವು. ಒಳಗಿನ ಕೋಣೆಯಲ್ಲಿ, ಮುದುಕಿ ಜೀವ ಬಿಟ್ಟ ಜಾಗದಲ್ಲಿ ದೀಪ ಉರಿಯುತ್ತಿತ್ತು. ಅದರ ಪಕ್ಕ ಮನೆಯಾಕೆ ಜೋಳದ ಹಿಟ್ಟನ್ನು ನೆಲಕ್ಕೆ ತೆಳ್ಳಗೆ ಹರಡಿ, ಬುಟ್ಟಿ ಬೋರಲು ಹಾಕಿ, ಮೇಲೊಂದು ಗುಂಡುಕಲ್ಲು ಇಟ್ಟಳು. ಸತ್ತವರು ಬಂದು ಹೋದರೆ ಬೆಳಗ್ಗೆ ಹಿಟ್ಟಿನಲ್ಲಿ ಗುರುತು ಕಾಣುತ್ತದೆಂಬುದು ನಮ್ಮ ಕಡೆಯ ನಂಬಿಕೆ.

“ಇಲಿ ಬಂದ್ರ ಇಲಿ ಹೆಜ್ಜೀನ ಕಾಣ್ತಾವ” ಎಂದು ನಕ್ಕೆ. ಆಕೆ ಕೋಣೆಗೆ ಚಿಲಕ ಹಾಕಿ, ಬಾಗಿಲಿಗೆ ಅಡ್ಡ ತಾನೇ ಮಲಗಿದಳು.

ರಾತ್ರಿ ಏನೂ ಆಗಲಿಲ್ಲ. ಗೌರಿಯ ಮೈ ಕಾದ ಹಂಚಿನಂತೆ ಸುಡುತ್ತಿತ್ತು. ಅವಳ ಕೈ ಹಿಡಿದು ಎಚ್ಚರವಾಗಿಯೇ ಕೂತಿದ್ದೆ. ಗುಡಿಯಲ್ಲಿ ನಸುಕಿನ ಗಂಟೆ ಬಾರಿಸಿದಾಗ ಮನೆಯಾಕೆ ಎದ್ದು, ಬುಟ್ಟಿ ತೆಗೆದವಳು ನನ್ನನ್ನು ಕರೆದಳು. ಹಿಟ್ಟಿನಲ್ಲಿ ಒಂದೇ ಒಂದು ಎಡಗಾಲಿನ ಹೆಜ್ಜೆ. ನಾಲ್ಕೇ ಬೆರಳು.

“ನಮ್ಮ ಅತ್ತಿಗೆ ಐದೂ ಬೆರಳ ಇದ್ದುವ್ರಿ” ಎಂದಳು.

ಗೌರಿಯ ಎಡಗಾಲಿನ ಕಿರುಬೆರಳು ಚಿಕ್ಕಂದಿನಲ್ಲೇ ಚಕ್ಕಡಿಯ ಗಾಲಿಗೆ ಸಿಕ್ಕು ಹೋಗಿತ್ತು. ಕಂಬಳಿಯಿಂದ ಹೊರಚಾಚಿದ್ದ ಆ ಕಾಲನ್ನು ಮನೆಯಾಕೆಯೂ ನೋಡಿದಳು. ಅಂಗಾಲಿಗೆ ಹಿಟ್ಟಿನ ಸೋಂಕೂ ಇರಲಿಲ್ಲ.

“ಗದಗಕ್ಕ ಬ್ಯಾಡ್ರಿ ಅಣ್ಣಾರ. ಆಕಿ ಎಲ್ಲಿಗೆ ಹೋಗಬೇಕಂತಾಳ, ಅಲ್ಲಿಗೇ ಕರ್ಕೊಂಡ ಹೋಗ್ರಿ” ಎಂದು ಆಕೆ ಹೆಜ್ಜೆಯನ್ನು ಅಂಗೈಯಿಂದ ಒರೆಸಿಬಿಟ್ಟಳು.

ನನಗೆ ಸಿಟ್ಟು ಬಂತು. ಸಿಟ್ಟಲ್ಲ, ಹೆದರಿಕೆ. ಮೊದಲ ಬಸ್ಸಿಗೇ ಗೌರಿಯನ್ನು ಗದಗಿಗೆ ಕರೆದೊಯ್ದೆ. ಡಾಕ್ಟರರು ಕೈಲಾದದ್ದನ್ನೆಲ್ಲ ಮಾಡಿದರು. ಮರುದಿನ ಸಂಜೆ ಗೌರಿ ಹೋಗಿಬಿಟ್ಟಳು. ಅಷ್ಟು ದಿನ ಅವ್ವ, ಅವ್ವ ಎನ್ನುತ್ತಿದ್ದವಳು ದವಾಖಾನೆಯಲ್ಲಿ ಒಮ್ಮೆಯೂ ಅವ್ವನನ್ನು ಕೇಳಲಿಲ್ಲ. ಅದೊಂದು ನನಗೆ ಸೋಜಿಗವಾಗಿತ್ತು.

ಕೊನೆಗೆ, ಮಾರನೆಯ ಬೆಳಗ್ಗೆ, ಅವಳನ್ನು ಕೊರ್ಲಹಳ್ಳಿಗೇ ಒಯ್ದೆ, ಬಾಡಿಗೆ ಮೋಟಾರಿನಲ್ಲಿ. ಗೌರಿಯ ಅವ್ವ ಅತ್ತರು, ಆದರೆ ಬೆಚ್ಚಲಿಲ್ಲ. ಲಕ್ಷ್ಮೇಶ್ವರದ ಮಾತನ್ನು ನಾನಿನ್ನೂ ಎತ್ತಿರಲೇ ಇಲ್ಲ.

“ಮೊನ್ನೆ ನಸುಕಿನ್ಯಾಗ ಬಂದಿದ್ಲಲ್ರಿ” ಎಂದು ಅವರು ಹೊಸ್ತಿಲು ತೋರಿಸಿದರು. “ನಾ ಕಸಾನೂ ಹೊಡದಿಲ್ಲ.”

ಕಲ್ಲಿನ ಮೇಲೆ ಬೆಳ್ಳಗೆ, ಒಳಮುಖವಾಗಿ, ಹಿಟ್ಟಿನ ಒಂದು ಹೆಜ್ಜೆ. ನಾಲ್ಕು ಬೆರಳು.

ನಾನು ಕಳಿಸದಿದ್ದರೂ ಗೌರಿ ತವರಿಗೆ ಹೋಗಿ ಬಂದಿದ್ದಳೆ? ಹೇಗೆ ಹೋದಳೆಂಬುದು ಇಷ್ಟು ವರ್ಷಗಳಾದರೂ ನನಗೆ ತಿಳಿದಿಲ್ಲ. ಆ ರಾತ್ರಿಯೆಲ್ಲ ಅವಳ ಕೈ ನನ್ನ ಕೈಯಲ್ಲೇ ಇತ್ತು.