ಅಡುಗೆ ಭಟ್ಟರ ಇಳಿದ ತೂಕ

ಧಾರವಾಡದ ಕಾಲೇಜಿನಲ್ಲಿ ಕನ್ನಡ ಪ್ರಬಂಧಕ್ಕೆ ಮೊದಲ ಬಹುಮಾನ ಪಡೆದವನು ನಾನು. ಆ ಬಹುಮಾನದ ದೆಸೆಯಿಂದ ಒಬ್ಬ ಮನುಷ್ಯ ಸಾಯುವುದರಲ್ಲಿದ್ದ ಎಂಬುದನ್ನು ಇಷ್ಟು ವರ್ಷ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ಐವತ್ತರ ದಶಕದ ನಡುವಿನಲ್ಲಿ ನಾನು ಮುಂಬಯಿಯ ಒಂದು ಆಸ್ಪತ್ರೆಯಲ್ಲಿ ಟೈಪಿಸ್ಟ್ ಆಗಿದ್ದೆ. ನನ್ನ ಮೇಜು ಒಬ್ಬ ಸರ್ಜನ್ನರ ಕೋಣೆಯ ಹೊರಗೆ. ಅವರು ಮರಾಠಿಯವರು, ಮಾತು ಕಡಿಮೆ. ಲಿವರಿನಲ್ಲೇ ಹುಟ್ಟುವ ಕ್ಯಾನ್ಸರುಗಳಲ್ಲಿ ತೀರ ಅಪರೂಪದ ಬಗೆಗಳ ಮೇಲೆ ಅವರೊಂದು ಲೇಖನ ಬರೆಯುತ್ತಿದ್ದರು: ರೋಗ ಹೇಗೆ ಕಾಣಿಸಿಕೊಳ್ಳುತ್ತದೆ, ಗಡ್ಡೆಯನ್ನು ಕತ್ತರಿಸಿ ತೆಗೆದ ಮೇಲೆ ರೋಗಿ ಎಷ್ಟು ಕಾಲ ಬದುಕುತ್ತಾನೆ. ಅದನ್ನು ಟೈಪ್ ಮಾಡಿ ಮಾಡಿ ನಾನು ಅರ್ಧ ಡಾಕ್ಟರನಾಗಿದ್ದೆ. ನಾವಿದ್ದ ಚಾಳಿನಲ್ಲಿ ಯಾರಿಗೆ ಹೊಟ್ಟೆ ಉಬ್ಬರಿಸಿದರೂ ಪಕ್ಕೆಲುಬಿನ ಕೆಳಗೆ ಬೆರಳೊತ್ತಿ ಗಂಭೀರವಾಗಿ "ಹೂಂ" ಅನ್ನುತ್ತಿದ್ದೆ. ನನ್ನ ಹೆಂಡತಿಯ ಹೊಟ್ಟೆಯಲ್ಲಿ ನಾನು ಪತ್ತೆ ಹಚ್ಚಿದ ಗಡ್ಡೆ ಐದು ತಿಂಗಳ ಮೇಲೆ ನಮ್ಮ ಹಿರಿಯ ಮಗಳಾಗಿ ಹುಟ್ಟಿತು.

ಸರ್ಜನ್ನರ ರೋಗಿಗಳ ಪಟ್ಟಿಯಲ್ಲಿದ್ದವರೇ ಕೆಲವರು, ಅವರಲ್ಲಿ ಗಡ್ಡೆಯನ್ನು ಪೂರ್ತಿ ತೆಗೆಯಲು ಬಂದದ್ದು ಒಬ್ಬರಿಗೆ ಮಾತ್ರ. ಅವರೇ ಮುಂಬಯಿಯ ಸಯನ್‌ನ ಒಂದು ಉಡುಪಿ ಹೋಟೆಲಿನ ಅಡುಗೆ ಭಟ್ಟರು. ಎದೆಗೂಡಿನ ಕೆಳಗೆ ತೆಂಗಿನಕಾಯಿ ಗಾತ್ರದ ಗಡ್ಡೆ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಸಂಜೆಗೆ ಸಣ್ಣ ಜ್ವರ. ಕಣ್ಣು ಹಳದಿಯಾಗಿರಲಿಲ್ಲ, ಕುಡಿತದ ಚಟವಂತೂ ಇಲ್ಲ. ಎಲ್ಲರೂ ಕೀವು ಕಟ್ಟಿದೆ ಎಂದುಕೊಂಡು ಸೂಜಿ ಚುಚ್ಚಿದರೆ ಕೀವು ಬರಲಿಲ್ಲ. ಕೊನೆಗೆ ಸರ್ಜನ್ ಲಿವರಿನ ಎಡಭಾಗವನ್ನು ಗಡ್ಡೆಸಮೇತ ತೆಗೆದುಹಾಕಿದರು. ಕ್ಯಾನ್ಸರ್ ಎಂಬ ಮಾತನ್ನು ಹೋಟೆಲಿನ ಧಣಿಗಳಿಗೆ ಮಾತ್ರ ತಿಳಿಸಿದರು. ರೋಗಿಗೇ ಹೇಳುವ ರೂಢಿ ಆಗ ಇರಲಿಲ್ಲ. ಭಟ್ಟರಿಗೆ ಹೇಳಿದ್ದು, ಅದು ಕೀವಿನ ಗಡ್ಡೆ, ತೆಗೆದಾಯಿತು ಎಂದು. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು, ಏಕೆಂದರೆ ಟೈಪ್ ಮಾಡಿದವನೇ ನಾನು.

ವರ್ಷ ಕಳೆದ ಮೇಲೆ ಸರ್ಜನ್ ನನ್ನನ್ನು ಕರೆದು, "ನೀನು ಕನ್ನಡದವನಲ್ಲವೆ? ಆ ಭಟ್ಟರಿಗೊಂದು ಅಂಚೆ ಕಾರ್ಡು ಬರೆ. ಹೇಗಿದ್ದೀರಿ, ಒಮ್ಮೆ ಬಂದು ಹೋಗಿ ಅಂತ, ಅಷ್ಟೇ," ಎಂದರು.

ಅಷ್ಟೇ ಬರೆಯುವುದಕ್ಕೆ ಮೊದಲ ಬಹುಮಾನದವನು ಬೇಕೆ? ನಾನು ಕೂತು ಹೀಗೆ ಬರೆದೆ: "ಮಹಾಶಯರೇ, ತಮ್ಮ ಯಕೃತ್ತಿನಲ್ಲಿ ಉದ್ಭವಿಸಿದ್ದ ಅತ್ಯಪೂರ್ವ ಕ್ಯಾನ್ಸರ್ ರೋಗಕ್ಕೆ ಕಳೆದ ವರ್ಷ ನಮ್ಮಲ್ಲಿ ಶಸ್ತ್ರಕ್ರಿಯೆ ಜರುಗಿದ್ದು ತಮ್ಮ ಸ್ಮರಣೆಯಲ್ಲಿರಬಹುದು. ತಾವು ಜೀವಂತರಾಗಿದ್ದಲ್ಲಿ ತಮ್ಮ ತೂಕ, ಹಸಿವೆಗಳ ವಿವರವನ್ನೂ, ಅಲ್ಲವಾದಲ್ಲಿ ಮರಣದ ದಿನಾಂಕವನ್ನೂ ತಿಳಿಸಿ ಉಪಕರಿಸಬೇಕಾಗಿ ವಿನಂತಿ." ಮೂರು ಸಲ ಗಟ್ಟಿಯಾಗಿ ಓದಿಕೊಂಡೆ. ಕೊನೆಯ ವಾಕ್ಯದ ಓಟ ನನಗೇ ಬಹಳ ಹಿಡಿಸಿತು. ಅಂಚೆ ಡಬ್ಬಿಗೆ ಹಾಕಿ ಬಂದು ಚಹಾ ಕುಡಿದೆ.

ತಿಂಗಳಾದರೂ ಉತ್ತರವಿಲ್ಲ. ಹೋಗಿ ನೋಡಿ ಬಾ ಎಂದರು ಸರ್ಜನ್. ಒಂದು ಭಾನುವಾರ ಲೋಕಲ್ ಹಿಡಿದು ಸಯನ್ ಸ್ಟೇಷನ್ನಿನಲ್ಲಿ ಇಳಿದೆ. ಗಲ್ಲಾದಲ್ಲಿದ್ದ ಧಣಿಗಳಿಗೆ ಆಸ್ಪತ್ರೆಯ ಹೆಸರು ಹೇಳಿದ್ದೇ ತಡ, ಅವರು ಡ್ರಾಯರಿನಿಂದ ನನ್ನ ಕಾರ್ಡು ತೆಗೆದರು.

"ಇದು ಬರೆದದ್ದು ಯಾರು ಮಾರಾಯ್ರೆ?"

"ನಾನಽ ಬರದದ್ರೀ," ಎಂದೆ. ಹೊಗಳುತ್ತಾರೆ ಎಂದುಕೊಂಡಿದ್ದೆ!

"ಅಕ್ಷರ ಚಂದ ಉಂಟು," ಎಂದರು ಧಣಿಗಳು. "ನಾನು ಆ ದಿನ ಇಲ್ಲಿರಲಿಲ್ಲ, ಊರಿಗೆ ಹೋಗಿದ್ದೆ. ಕಾರ್ಡು ಬಂತು, ಬಡಿಸುವವ ಓದಿದ, ಗಿರಾಕಿಗಳು ಓದಿದರು, ಕಡೆಗೆ ಭಟ್ರೂ ಓದಿದರು. ಮರುದಿನದಿಂದ ಒಲೆ ಹತ್ರ ಬರಲಿಲ್ಲ. ಗಂಜಿ ಕೊಟ್ಟರೆ ನಾಲ್ಕು ಚಮಚ."

ಮಾಳಿಗೆಯ ಕೋಣೆಯಲ್ಲಿ ಭಟ್ಟರು ಗೋಡೆಗೆ ಮುಖ ಮಾಡಿ ಮಲಗಿದ್ದರು. ಬೆನ್ನೆಲುಬು ಎಣಿಸುವಂತಿತ್ತು. ಹಸಿವಿಲ್ಲ, ತೂಕ ಇಳಿದಿದೆ. ರೋಗ ಮರಳಿದಾಗಿನ ಲಕ್ಷಣವೆಂದು ನಾನು ಎಷ್ಟು ಸಲ ಟೈಪ್ ಮಾಡಿದ್ದೆನೋ ಅವೇ! ಇವರನ್ನು ತಿನ್ನುತ್ತಿರುವುದು ಗಡ್ಡೆಯೋ ನನ್ನ ಕನ್ನಡವೋ ತಿಳಿಯಲಿಲ್ಲ. ಅಂದಿನಷ್ಟು ನಾನು ಎಂದೂ ಹೆದರಿಲ್ಲ.

ಮರುದಿನ ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಕರೆತಂದೆವು. ಸರ್ಜನ್ ಹೊಟ್ಟೆ ಒತ್ತಿ ನೋಡಿದರು, ರಕ್ತ ಪರೀಕ್ಷೆ, ಎಕ್ಸ್‌ರೇ ಎಲ್ಲ ಮಾಡಿಸಿದರು. ಏನೂ ಸಿಗಲಿಲ್ಲ. "ಏನೂ ಇಲ್ಲ, ಆರಾಮವಾಗಿದ್ದೀರಿ ಅಂತ ಹೇಳು," ಎಂದರು. ಹೇಳಿದೆ.

ಭಟ್ಟರು ನನ್ನನ್ನೇ ನೋಡಿದರು. "ಹೋದ ವರ್ಷ ಕೂಡ ಹೀಗೇ ಹೇಳಿದ್ದಲ್ಲವಾ, ಕೀವು ಅಂತ? ನಿಜ ಗೊತ್ತಾದದ್ದು ಆ ಕಾರ್ಡಿನಲ್ಲಿ."

"ಏನಂದರು?" ಎಂದು ಸರ್ಜನ್ ಕೇಳಿದರು.

"ನಿಮ್ಮ ಉಪಕಾರ ಮರೆಯೋದಿಲ್ಲವಂತೆ," ಎಂದು ಅನುವಾದಿಸಿದೆ. ಆಗಲೇ ಒಪ್ಪಿಕೊಳ್ಳಬಹುದಿತ್ತು. ನೌಕರಿ ಹೋಗುತ್ತದೆಂಬ ಹೆದರಿಕೆ, ಮೇಲೆ ನಾಚಿಕೆ.

ಆಮೇಲೆ ಆಫೀಸು ಬಿಟ್ಟವನೇ ದಿನಾ ಸಯನ್‌ಗೆ ಹೋಗಿ ಆ ಮಾಳಿಗೆಯಲ್ಲಿ ಕೂರುತ್ತಿದ್ದೆ. ಏನೂ ಆಗಿಲ್ಲ, ಊಟ ಮಾಡಿ ಎಂದು ಗೋಗರೆಯುತ್ತಿದ್ದೆ. ಗೋಡೆ ಕೇಳಿಸಿಕೊಂಡಷ್ಟೂ ಅವರು ಕೇಳಿಸಿಕೊಳ್ಳಲಿಲ್ಲ. ನಾಲ್ಕನೆಯ ಸಂಜೆ ಅವರಾಗಿಯೇ ಕೇಳಿದರು: "ನನ್ನ ಹಾಗೆ ಬೇರೆ ಯಾರು ಇದ್ದಾರೆ, ಆ ಡಾಕ್ಟ್ರ ಹತ್ರ ಬಂದವರಲ್ಲಿ?"

ಸುಳ್ಳು ಹೇಳಲು ಬಾಯಿ ತೆರೆದೆ, ಬರಲಿಲ್ಲ. "ಒಬ್ಬ ಗಿರಣಿ ಕೆಲಸದಾವ ಇದ್ದ. ಕಣ್ಣು ಹಳದಿ ಆಗಿ ಎರಡು ತಿಂಗಳದಾಗ ಹ್ವಾದ. ಒಬ್ಬಾಕಿಗೆ ಹೊಟ್ಟಿ ಕೊಯ್ದು, ತಗಿಯಾಕ ಬರೂದಿಲ್ಲಂತ ಹಂಗಽ ಹೊಲಿದ್ರು. ಒಂದು ಸಣ್ಣ ಕೂಸು, ಆಪರೇಶನ್ ಟೇಬಲ್ ಮ್ಯಾಲೇ..."

"ಉಳಿದವರು?"

"ನೀವೊಬ್ಬರಽ ಉಳದೀರಿ ಭಟ್ಟರಽ. ಗಡ್ಡಿ ಪೂರಾ ಬಂದದ್ದು ನಿಮಗಽ." ಹೇಳುತ್ತ ಹೇಳುತ್ತ ನನಗೆ ಅಳು ಬಂತು. "ಆ ಕಾರ್ಡು ಬರದಾವ ನಾನಽ. ದೊಡ್ಡಸ್ತಿಕಿ ತೋರಸಾಕ ಬರದೆ. ತಪ್ಪಾತ್ರಿ."

ಭಟ್ಟರು ನಿಧಾನವಾಗಿ ಈ ಕಡೆ ಹೊರಳಿದರು. "ಅವರೆಲ್ಲ ಹೋದದ್ದನ್ನು ಮುಚ್ಚದೆ ಹೇಳಿದಿರಿ," ಎಂದರು. "ಹಾಗಾದ್ರೆ ನಾನು ಇದ್ದೇನೆ ಅನ್ನುವುದೂ ನಿಜ ಇರಬಹುದು." ಆಮೇಲೆ ಮೂಗು ಅರಳಿಸಿ, "ಕೆಳಗೆ ಒಗ್ಗರಣೆ ಹಾಕಿದವ ಯಾರು? ಒಂದು ತಿಂಗಳಿಂದ ಇಂಗು ಸುಡುತ್ತಾ ಇದ್ದಾನೆ," ಎಂದು ಬೈದರು. ಗಂಜಿ ತರಿಸಿದೆ. ಉಪ್ಪಿನಕಾಯಿ ಎಲ್ಲಿ ಎಂದು ನನ್ನನ್ನೂ ಬೈದರು. ಅಷ್ಟು ಸಿಹಿಯಾದ ಬೈಗುಳವನ್ನು ನಾನು ಮತ್ತೆ ತಿಂದಿಲ್ಲ.

ಮೂರು ತಿಂಗಳಿಗೆ ಭಟ್ಟರು ಮೊದಲಿನ ತೂಕಕ್ಕೆ ಬಂದು ಮತ್ತೆ ಒಲೆ ಮುಂದೆ ನಿಂತರು. ಅವರನ್ನು ಇನ್ನೊಮ್ಮೆ ಪರೀಕ್ಷಿಸಿದ ದಿನವೇ ಸರ್ಜನ್ ಲೇಖನದ ಕೊನೆಯ ಪುಟ ಹೇಳಿ ಬರೆಸಿದರು: ಈ ರೋಗಿಗೆ ಎರಡನೆಯ ವರ್ಷದಲ್ಲಿ ತೂಕ ವಿಪರೀತ ಇಳಿಯಿತು, ತಾನಾಗಿಯೇ ಸರಿಹೋಯಿತು, ಕಾರಣ ತಿಳಿದುಬರಲಿಲ್ಲ.

ನನ್ನ ಬೆರಳು ನಿಂತವು.

"ಯಾಕೆ, ಸ್ಪೆಲ್ಲಿಂಗ್ ಬರುವುದಿಲ್ಲವೆ?" ಎಂದರು ಸರ್ಜನ್.

"ಬರುತ್ತದೆ ಸರ್," ಎಂದೆ. ಕಾರಣ ತಿಳಿದುಬರಲಿಲ್ಲ ಎಂಬುದನ್ನು ಆ ಕಾರಣವೇ ಸ್ಟೂಲಿನ ಮೇಲೆ ಕೂತು, ಒಂದಕ್ಷರ ತಪ್ಪಿಲ್ಲದೆ ಟೈಪ್ ಮಾಡಿತು.