ಇಪ್ಪತ್ತಾರು ಇಂಚಿನ ಬಾಗಿಲು

ಆ ಭಾನುವಾರ ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ನನ್ನ ಮೇಜು ನನ್ನ ಕೋಣೆಯ ಬಾಗಿಲಲ್ಲಿ ಸಿಕ್ಕಿಕೊಂಡಿತು. ಒಂಬತ್ತೂ ಐವತ್ತಕ್ಕೂ ಅಲ್ಲೇ ಇತ್ತು.

ಕೋಣೆಯ ಒಳಗೆ ನಾನು ಮತ್ತು ತಂಗಿ ಸುಮಾ. ಹೊರಗೆ ಟೆಂಪೊ ಮಂಜಣ್ಣ. ನಡುವೆ ಹಲಸಿನ ಮರದ ಮೇಜು. ನಮಗೆ ಕಾಫಿ ಬೇಕೆಂದರೆ ಮೇಜಿನ ಮೇಲಿಂದ ಲೋಟ ದಾಟಿಸಬೇಕು. ಅಜ್ಜಿ ದಾಟಿಸಿದಳು. "ಅಂತೂ ಈ ಮೇಜು ಒಂದು ಉಪಯೋಗಕ್ಕೆ ಬಂತು" ಅಂದಳು.

ನಾನು ಎಂ.ಎಸ್ಸಿ. ಸಂಖ್ಯಾಶಾಸ್ತ್ರಕ್ಕೆಂದು ಎನ್.ಆರ್. ಪುರ ಬಿಟ್ಟು ಮೈಸೂರಿಗೆ ಬಂದು ನಾಲ್ಕು ತಿಂಗಳಾಯಿತು ಎಂಬುದು ನಿಮಗೆ ಗೊತ್ತು. ಬರುವಾಗ ಏನಾಯಿತು ಎಂಬುದನ್ನು ಮಾತ್ರ ಇಷ್ಟು ದಿನ ಬರೆದಿರಲಿಲ್ಲ. (ಮರ್ಯಾದೆ ಪ್ರಶ್ನೆ.)

ಹೊರಡುವ ಮೂರು ವಾರ ಮೊದಲೇ ಡೈರಿಯಲ್ಲಿ ಪಟ್ಟಿ ಮಾಡಿದ್ದೆ. ಮೂರು ಕಾಲಂ: ಒಯ್ಯುವುದು, ಬಿಡುವುದು, ಅಲ್ಲೇ ಕೊಳ್ಳುವುದು. ಮಂಚ ಬಿಡುವುದು, ಮೈಸೂರಿನ ರೂಮಿನಲ್ಲಿ ಕಬ್ಬಿಣದ್ದೊಂದು ಇದೆ. ಕುರ್ಚಿ ಕೊಳ್ಳುವುದು. ಬೀರು ಬಿಡುವುದು (ನಾನು ನಿರ್ಧರಿಸುವ ಮೊದಲೇ ಸುಮಾ ಅದರ ಬಾಗಿಲ ಒಳಗೆ ತನ್ನ ಹೆಸರು ಬರೆದಿದ್ದಳು). ಬಕೆಟ್ಟು, ದಿಂಬು, ಟೇಬಲ್ ಲ್ಯಾಂಪು ಎಲ್ಲ ಸೇರಿ ಮೂವತ್ತೊಂದು ವಸ್ತು. ಮೂವತ್ತಕ್ಕೆ ಹತ್ತು ನಿಮಿಷ ಸಾಕಾಯಿತು. ಮೂವತ್ತೊಂದನೆಯದಕ್ಕೆ ಒಂಬತ್ತು ದಿನ.

ಅದು ಮೇಜು.

ಹತ್ತನೇ ಕ್ಲಾಸಿನಿಂದ ಡಿಗ್ರಿವರೆಗೆ ನಾನು ಓದಿದ್ದೆಲ್ಲ ಅದರ ಮುಂದೆ. ಒಮ್ಮೆ ಮಾತ್ರ, ಶೃಂಗೇರಿಯ ಅತ್ತೆ ಮನೆಯಲ್ಲಿ ಹದಿನೈದು ದಿನ ಇದ್ದು, ಅಲ್ಲಿನ ಊಟದ ಟೇಬಲ್ಲಿನಲ್ಲಿ ಪರೀಕ್ಷೆಗೆ ಓದಿದ್ದೆ. ಆ ಸೆಮಿಸ್ಟರಿನಲ್ಲಿ ನನ್ನ ಅತಿ ಕಡಿಮೆ ಅಂಕ ಬಂತು. ಪ್ರಯೋಗ ಒಂದೇ, ಫಲಿತಾಂಶ ಸ್ಪಷ್ಟ. ಆ ಮೇಜಿಲ್ಲದೆ ನನಗೆ ಓದು ಹತ್ತುವುದಿಲ್ಲ. ಮೈಸೂರಿನಲ್ಲಿ ಎಲ್ಲರ ಎದುರು ಫೇಲಾಗಿ, ಟ್ರಂಕು ಹಿಡಿದು ವಾಪಸು ಬಸ್ಸಿಳಿಯುವ ಚಿತ್ರ ನನ್ನ ಕಣ್ಣ ಮುಂದೆಯೇ ಇತ್ತು.

"ಮೇಜು ಪರೀಕ್ಷೆ ಬರೀತದಾ ಕೂಸೆ?" ಎಂದು ಅಜ್ಜಿ ಕೇಳಿದಳು. ನಾನು ಪಟ್ಟಿಯಲ್ಲಿ 'ಒಯ್ಯುವುದು' ಎಂಬಲ್ಲಿ ಗುರುತು ಹಾಕಿದೆ.

ಆಮೇಲೆ ಅಳತೆ. ಮೈಸೂರಿಗೆ ಅಡ್ಮಿಶನ್ನಿಗೆ ಹೋದಾಗಲೇ ಟೇಪು ಒಯ್ದಿದ್ದೆ. ರೂಮಿನ ಬಾಗಿಲು ಮೂವತ್ಮೂರು ಇಂಚು. ಮೆಟ್ಟಿಲ ತಿರುವು ನಲವತ್ತೊಂದು. (ಓನರಮ್ಮ ನನ್ನನ್ನು ಕಾರ್ಪೊರೇಶನ್ನಿನವಳು ಎಂದುಕೊಂಡು ನೀರು ಕೊಟ್ಟರು.) ಮಂಜಣ್ಣನ ಟೆಂಪೊ ಅಳೆದೆ. ಮೇಜು ಅಳೆದೆ: ಉದ್ದ ಐವತ್ತನಾಲ್ಕು, ಅಗಲ ಮೂವತ್ತೆರಡು, ಎತ್ತರ ಮೂವತ್ತು. ಎಲ್ಲವೂ ಸರಿಹೊಂದಿತು. ಡೈರಿಯಲ್ಲಿ ಕೆಂಪು ಪೆನ್ನಿನಲ್ಲಿ 'ಸಮಸ್ಯೆ ಇಲ್ಲ' ಎಂದು ಬರೆದೆ.

ಈಗ ಭಾನುವಾರಕ್ಕೆ ಬನ್ನಿ.

ಅಡ್ಡ ಹಿಡಿದೆವು, ಉದ್ದ ಹಿಡಿದೆವು, ಕಾಲು ಮುಂದೆ ಮಾಡಿದೆವು, ತಲೆಕೆಳಗೆ ಮಾಡಿದೆವು. ಒಟ್ಟು ಏಳು ಭಂಗಿ. ಸಾಮಾನ್ಯ ಮೇಜಾದರೆ ಕಾಲುಗಳನ್ನು ಒಂದೊಂದಾಗಿ ಸುತ್ತಿಸಿ ದಾಟಿಸಬಹುದು. ಇದರ ಕಾಲುಗಳ ಸುತ್ತ ಪುಸ್ತಕ ಇಡಲೆಂದು ಹಲಗೆ ಕೂರಿಸಿದ್ದೇವೆ. ಕಿಟಕಿಗೆ ಕಬ್ಬಿಣದ ಸರಳು. ಕೊನೆಗೆ ಮಂಜಣ್ಣ ಬೆವರು ಒರೆಸಿಕೊಂಡು, ನನ್ನ ಟೇಪನ್ನೇ ಕೇಳಿ ಪಡೆದು, ಬಾಗಿಲಿಗೆ ಹಿಡಿದ.

"ಇಪ್ಪತ್ತಾರು" ಅಂದ. "ಮಾರಾಯ್ತಿ, ಮೈಸೂರಿನ ಬಾಗಿಲು ಅಳೆದು ಬಂದೆ. ನಿನ್ನ ಮನೆ ಬಾಗಿಲು ಯಾರು, ತಹಶೀಲ್ದಾರ್ರು ಬಂದು ಅಳೀಬೇಕಿತ್ತಾ?"

ಸುಮಾ ನಕ್ಕಳು. ಅವಳು ಒಳಗೇ ಸಿಕ್ಕಿಬಿದ್ದಿದ್ದಾಳೆ ಎಂಬುದು ಅವಳಿಗೆ ಆಗ ಮರೆತಿತ್ತು.

ಆರೇಳು ವರ್ಷ ದಿನಕ್ಕೆ ಹತ್ತು ಸಲ ತಲೆ ತಗ್ಗಿಸಿ ದಾಟಿದ ಬಾಗಿಲನ್ನು ಯಾರಾದರೂ ಅಳೆಯುತ್ತಾರೆಯೇ? ಹಾಗಾದರೆ ಮೇಜು ಒಳಗೆ ಹೋದದ್ದು ಹೇಗೆ? ಅದು ಹೋಗಿಯೇ ಇಲ್ಲ. ನಮ್ಮ ಮನೆಗಳಿಗೆ ಮೇಜು ಅಂಗಡಿಯಿಂದ ಬರುವುದು ಕಡಿಮೆ. ಹಲಸಿನ ಮರ ಮಿಲ್ಲಿಗೆ ಹೋಗಿ ಹಲಗೆಯಾಗಿ, ಅಟ್ಟದಲ್ಲಿ ವರ್ಷಗಟ್ಟಲೆ ಒಣಗುತ್ತದೆ. ಆಮೇಲೆ ಆಚಾರ್ರು ಉಳಿ, ಕೀಸುಳಿಯ ಚೀಲ ಹಿಡಿದು ಮನೆಗೇ ಬರುತ್ತಾರೆ. ಎಲ್ಲಿ ಬೇಕೋ ಅಲ್ಲೇ ಕೂತು ಮಾಡುತ್ತಾರೆ. ನನ್ನ ಮೇಜು ಆ ಕೋಣೆಯಲ್ಲೇ ಹುಟ್ಟಿತ್ತು.

ಶೆಟ್ಟಿಕೊಪ್ಪದಿಂದ ವಾಸು ಆಚಾರ್ರನ್ನು ಕರೆಸಿದೆವು. ಅದನ್ನು ಮಾಡಿದವರು ಅವರೇ. ಬಂದವರು ಮೊದಲು ಮೇಜಿನ ಅಂಚಿನ ಮೇಲೆ ಕೈಯಾಡಿಸಿದರು. ಆಮೇಲೆ ಅಲ್ಲಾಡಿಸಿ ನೋಡಿದರು. ಅದು ಅಲ್ಲಾಡಲಿಲ್ಲ. ಅವರಿಗೆ ಸಂತೋಷವಾಯಿತು. ನನಗೆ ಆಗಲಿಲ್ಲ.

"ಬಿಚ್ಚೋಕೆ ಆಗ್ತದಾ ಆಚಾರ್ರೆ?"

"ಮೊಳೆ ಹೊಡೆದಿದ್ರೆ ಬಿಚ್ಚಬಹುದಿತ್ತು. ಇದು ಪೂರಾ ಮರದ ಬೆಣೆ, ಮೇಲಿಂದ ಅಂಟು. ಅಲ್ಲಾಡಬಾರದು ಅಂತ ನೀವೇ ಹೇಳಿದ್ದು. ಈಗ ಎರಡೇ ದಾರಿ. ಮೇಜು ಕೊಯ್ಯಬೇಕು, ಇಲ್ಲ ದಾರಂದ ಕೊಯ್ಯಬೇಕು."

ದಾರಂದ ಎಂಬ ಮಾತು ಕೇಳಿದ್ದೇ ಅಡುಗೆಮನೆಯಲ್ಲಿ ಪಾತ್ರೆ ಸದ್ದು ನಿಂತಿತು. ಅಜ್ಜಿ ಬಂದು ಬಾಗಿಲಿಗೆ ಒರಗಿ ನಿಂತಳು.

ಆ ಬಾಗಿಲ ಚೌಕಟ್ಟು ಈ ಮನೆಯದಲ್ಲ. ಭದ್ರೆಯ ಹಿನ್ನೀರಿನಲ್ಲಿ ಮುಳುಗಿದ ಹಳೆ ಮನೆಯ ದೇವರ ಕೋಣೆಯದು. ಮುಳುಗಡೆಯಾದಾಗ ನಮ್ಮವರು ಕಂಬ, ಹೆಂಚು, ಬಾಗಿಲು ಬಿಚ್ಚಿ ಎತ್ತಿನ ಗಾಡಿಗೆ ಹೇರಿ ತಂದು ಈ ಮನೆ ಕಟ್ಟಿದ್ದು. ದೇವರ ಕೋಣೆಯ ಬಾಗಿಲು ಗಿಡ್ಡ, ಕಿರಿದು. ಒಳಗೆ ಹೋಗುವವರು ತಗ್ಗಲೇಬೇಕು. (ಮೇಜಿಗೆ ಆ ಸಂಸ್ಕಾರವಿಲ್ಲ.)

"ಮುಟ್ಟಿ ನೋಡಿ ಆಚಾರ್ರೆ" ಎಂದಳು ಅಜ್ಜಿ. ಗಟ್ಟಿಯಾಗಿ ಏನೂ ಅಲ್ಲ.

ಆಚಾರ್ರು ಕೈ ಹಿಂದೆ ಕಟ್ಟಿಕೊಂಡರು. "ನಂದೇನೂ ತಪ್ಪಿಲ್ಲಮ್ಮಾ. ಇದು ಹೊರಗೆ ಹೋಗೋದುಂಟಾ ಅಂತ ಅವತ್ತೇ ಈ ಕೂಸಿನ ಹತ್ರ ಕೇಳಿದ್ದೆ. ಈಗ ನೆನಪಿಲ್ಲ ಕಾಣ್ತದೆ."

ನೆನಪಿರಲಿಲ್ಲ. ಆದರೆ ನನ್ನ ಮನೆಯಲ್ಲಿ ನೆನಪಿನ ಮೇಲೆ ವಾದ ಮಾಡುವ ಪದ್ಧತಿಯಿಲ್ಲ. ಹತ್ತನೇ ಕ್ಲಾಸಿನ ಡೈರಿ ತೆಗೆದೆ. ಎಲ್ಲರ ಎದುರು ಸುಮಾ ಕಿತ್ತುಕೊಂಡು ಓದಿದಳು: "ಆಚಾರ್ರ ಕೆಲಸದ ನಾಲ್ಕನೇ ದಿನ. ಮೇಜು ಮುಂದೆ ಎಲ್ಲಾದರೂ ಹೋಗುವುದಿದೆಯೇ ಎಂದು ಕೇಳಿದರು. ಇಲ್ಲ, ಶಾಶ್ವತವಾಗಿ ಇಲ್ಲೇ ಎಂದು ಹೇಳಿದ್ದೇನೆ."

'ಶಾಶ್ವತವಾಗಿ'ಯ ಕೆಳಗೆ ಎರಡು ಗೆರೆ.

ಮಂಜಣ್ಣ ಮೇಜಿನ ಮೇಲಿಂದ ಬಗ್ಗಿ ಆ ಪುಟ ನೋಡಿದ. ಆಮೇಲೆ, "ಸಹಿ ಒಂದು ಕಮ್ಮಿ ನೋಡಿ" ಅಂದ.

ಮೇಜು ಕೊಯ್ಯಿಸಲು ನನಗೆ ಮನಸ್ಸಾಗಲಿಲ್ಲ. ಆಚಾರ್ರಿಗೂ ಆಗಲಿಲ್ಲ. ಅದನ್ನು ಕಿಟಕಿಯ ಹತ್ತಿರ ಇದ್ದ ಜಾಗಕ್ಕೇ ತಳ್ಳಿದೆವು. ನಾನು ಹೊರಬಂದು ಜಗಲಿಯಲ್ಲಿ ಕೂತೆ. ಅಳಲಿಲ್ಲ ಎಂದು ಡೈರಿಯಲ್ಲಿದೆ. ಪಟ್ಟಿಯಲ್ಲಿ ಮೂವತ್ತೊಂದನೇ ಸಾಲಿನ ಗುರುತು ಹೊಡೆದುಹಾಕುತ್ತಿದ್ದಾಗ ಅಜ್ಜಿ ಪಕ್ಕದಲ್ಲಿ ಬಂದು ಕೂತಳು.

"ನೀವು ಆವಾಗ ಎಲ್ಲ ತಂದ್ರಲ್ಲ, ಬಿಟ್ಟು ಬಂದದ್ದು ಎಂತದೂ ಇಲ್ವಾ?" ಎಂದು ಕೇಳಿದೆ. ಸ್ವಲ್ಪ ಕೊಂಕಾಗಿಯೇ ಕೇಳಿದೆ.

"ಒರಳುಕಲ್ಲು" ಅಂದಳು. "ನೆಲಕ್ಕೆ ಹೂತದ್ದು. ಏಳಲಿಲ್ಲ. ಬೇಸಗೇಲಿ ನೀರು ಇಳಿದಾಗ ಒಂದ್ಸಲ ಹೋಗಿ ನೋಡಿ ಬಂದಿದ್ದೆ. ಹಾಗೇ ಇತ್ತು."

"ಮತ್ತೆ ರುಬ್ಬೋಕೆ?"

"ಇಲ್ಲಿ ಬಂದು ಬೇರೆ ತಗೊಂಡ್ವಿ."

"ಹೊಂದಿಕೆ ಆಯ್ತಾ?"

ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತ ಯೋಚಿಸಿದಳು. "ಆರು ತಿಂಗಳು ಚಟ್ನಿ ಸರಿ ಬರ್ಲಿಲ್ಲ. ನಿನ್ನಜ್ಜ ದಿನಾ ಹೇಳೋರು, ಕಲ್ಲು ಸರಿ ಇಲ್ಲ, ಕಲ್ಲು ಸರಿ ಇಲ್ಲ ಅಂತ. ನಾನೂ ಹಂಗೇ ಅಂದ್ಕೊಂಡಿದ್ದೆ. ಆಮೇಲೆ ಬಂತು."

"ಕಲ್ಲು ಬದಲಾಯಿಸಿದ್ರಾ?"

"ಅದೇ ಕಲ್ಲು ಕೂಸೆ."

ಮಂಜಣ್ಣನ ಟೆಂಪೊ ಅರ್ಧ ಖಾಲಿಯಾಗಿಯೇ ಹೊರಟಿತು. ಒಂದನ್ನು ಮಾತ್ರ ಬಿಡಲಿಲ್ಲ. ಮೇಜಿನ ಡ್ರಾಯರ್. ಅದು ಹದಿನೆಂಟು ಇಂಚು, ಸಲೀಸಾಗಿ ದಾಟಿತು. ಈಗ ಇಲ್ಲಿ ನನ್ನ ಮಡಚುವ ಟೇಬಲ್ಲಿನ ಪಕ್ಕ ನೆಲದ ಮೇಲೆ ಕೂತಿದೆ. ಅದರೊಳಗೆ ಪೆನ್ನು, ಸ್ಕೇಲು, ಟೇಪು. ಊರಿನಲ್ಲಿ ಮೇಜು ಸುಮಾಳ ಪಾಲಿಗೆ ಬಂದಿದೆ. ಫೋನಿನಲ್ಲಿ ಅವಳದು ಒಂದೇ ದೂರು: "ಅಕ್ಕಾ, ಡ್ರಾಯರ್ ಇದ್ದ ತೂತಿನಲ್ಲಿ ಬೆಕ್ಕು ಮಲಗ್ತದೆ. ನಾನು ಓದೋಕೆ ಕೂತ್ರೆ ಅದಕ್ಕೆ ಸಿಟ್ಟು."

ನನ್ನ ಮಡಚುವ ಟೇಬಲ್ಲು ಬರೆಯುವಾಗ ಅಲ್ಲಾಡುತ್ತದೆ. ಎಡಗಾಲ ಕೆಳಗೆ ಬಸ್ ಟಿಕೆಟ್ ಮಡಚಿ ಇಟ್ಟೆ. ಆಗ ಬಲಗಾಲು ಅಲ್ಲಾಡಿತು. ಈವರೆಗೆ ಟಿಕೆಟ್ಟು ಒಂಬತ್ತು.

ಮೊನ್ನೆ ಗುರುವಾರ ಮೊದಲ ಟೆಸ್ಟಿನ ಪೇಪರ್ ಕೊಟ್ಟರು. ಇಪ್ಪತ್ತೈದಕ್ಕೆ ಹನ್ನೊಂದು. ರೂಮಿಗೆ ಬಂದು ಟೇಬಲ್ಲನ್ನು ದಿಟ್ಟಿಸಿ ನೋಡಿದೆ. ಅದರ ತಪ್ಪು ಎಂದು ಬರೆಯಲು ಡೈರಿ ತೆರೆದು, ಪೆನ್ನಿನ ಮುಚ್ಚಳವನ್ನೂ ತೆಗೆದೆ.

ಕೊನೆಗೆ ಬರೆದದ್ದು ಇಷ್ಟೇ: 'ಚಟ್ನಿ. ನಾಲ್ಕನೇ ತಿಂಗಳು.'