ವಕೀಲ ಈರಯ್ಯನವರು ಗೆದ್ದ ಗೋಡೆ

ಬೀಡಿ ಎಂಬ ಊರಿನ ಈರಯ್ಯನವರು ಶಹರದ ಟಿಳಕವಾಡಿಯಲ್ಲಿ ಬಾಡಿಗೆ ಕೋಣೆ ಹಿಡಿದು ವಕೀಲಿ ಓದಿದವರು. ಖಾನಾಪುರದ ಕೋರ್ಟಿನಲ್ಲಿ ಕರಿ ಕೋಟು ತೊಟ್ಟ ಮೇಲೆ ಅವರಿಗೆ ಹೆಸರು ತಂದದ್ದು ಮಾಯಪ್ಪನ ಖಟ್ಲೆ. ಪೇಟೆಯ ತಿರುವಿನಲ್ಲಿದ್ದ ಅವನ ಮಾಳಿಗೆ ಮನೆಯ ಗೋಡೆ ಸಡಿಲಾಗಿದೆ, ಕೆಡವಬೇಕೆಂದು ಪುರಸಭೆ ನೋಟೀಸು ಕೊಟ್ಟಿತ್ತು. ಗೋಡೆ ಗಟ್ಟಿಯಾಗಿದೆ ಎಂದು ವಾದಿಸಿ ಈರಯ್ಯನವರು ತಡೆಯಾಜ್ಞೆ ತಂದರು. ಊರಿಗೆ ಅವರ ಮಾತು ಹಿಡಿಸಿತು. ಎಪ್ಪತ್ತೆಂಟನೆಯ ಇಸವಿಯಲ್ಲಿ ಅವರೇ ಪುರಸಭೆಯ ಅಧ್ಯಕ್ಷರಾದರು.

ಮರುವರ್ಷ ಮಳೆ ಬಿಡದೆ ಹೊಡೆಯಿತು. ಪೇಟೆಯಲ್ಲಿ ಹೋಗುತ್ತಿದ್ದಾಗ ಮಾಯಪ್ಪನ ಗೋಡೆಯ ಬಿರುಕು ಈರಯ್ಯನವರ ಕಣ್ಣಿಗೆ ಬಿತ್ತು. ಬೆರಳಿಟ್ಟರೆ ಬೆರಳು ಒಳಗೆ ಹೋಯಿತು.

"ಯಾಕ್ರೀ, ಊಟಾ ಸೇರವಲ್ದೇನು?" ಎಂದು ಹೆಂಡತಿ ಗೌರವ್ವ ಕೇಳಿದರೆ ತಾಟು ಸರಿಸಿ ಎದ್ದುಬಿಡುತ್ತಿದ್ದರು. ಅಧ್ಯಕ್ಷರೆಂದು ಹುಕುಂ ಮಾಡಿ ಮನೆ ಬಿಡಿಸೋಣವೆಂದರೆ ತಾವೇ ತಂದ ತಡೆಯಾಜ್ಞೆ ಅಡ್ಡ. ಕೊನೆಗೆ ತಾವೇ ಮಾಯಪ್ಪನ ಮನೆಗೆ ಹೋದರು.

"ಗಟ್ಟಿ ಐತಿ ಅಂತ ಜಡ್ಜ್ ಸಾಹೇಬ್ರ ಮುಂದ ನೀವ ಹೇಳೀರಿ," ಎಂದ ಮಾಯಪ್ಪ. "ಕುರ್ಚಿ ಸಿಕ್ಕ ಮ್ಯಾಲೆ ಮಾತು ಬ್ಯಾರೆ ಆತೇನ್ರೀ?"

"ಅವಾಗ ನಾ ವಕೀಲ ಇದ್ದೆ, ಮಾಯಪ್ಪ. ಈಗ ನನಗ ಅಂಜಿಕಿ ಬಂದೈತಿ. ನೀ ಹೊರಗ ಬರೂತನಕಾ ನಾನೂ ಇಲ್ಲೇ ಕುಂದರತೀನಿ."

ಗೋಡೆಯ ಬುಡದ ಕಟ್ಟೆಯ ಮೇಲೆ ಕುಳಿತೇಬಿಟ್ಟರು. ಮೇಲಿನಿಂದ ಮಣ್ಣು ಉದುರಿ ಹೆಗಲ ಮೇಲೆ ಬಿತ್ತು. ಏಳಬೇಕೆನಿಸಿತು, ಏಳಲಿಲ್ಲ. ಮಾಯಪ್ಪನ ತಾಯಿ ಭರಮವ್ವ ಬಾಗಿಲಲ್ಲಿ ನಿಂತು ಅವರನ್ನೇ ನೋಡುತ್ತಿದ್ದಳು. ಒಳಗೆ ಹೋಗಿ ಗಂಟು ಕಟ್ಟಿಕೊಂಡು ಬಂದಳು.

"ಏಳ್ರಿ ಯಪ್ಪಾ, ಮಣ್ಣು ಮೈಮ್ಯಾಲೆ ಬೀಳಾಕತ್ತೈತಿ. ನಾವು ಬರ್ತೇವಿ."

ಮಾಯಪ್ಪ ಗೊಣಗುತ್ತ ಹೆಂಡತಿಯನ್ನು ಕರೆದುಕೊಂಡು ಹಿಂದೆ ಬಂದ. ಎಲ್ಲರೂ ಈರಯ್ಯನವರ ಪಡಸಾಲೆಯಲ್ಲಿ ಇಳಿದರು.

ಆದರೆ ಗೋಡೆ ಬೀಳಲಿಲ್ಲ. ಮಳೆ ನಿಂತು ಬಿಸಿಲು ಬಂತು. ಅಧ್ಯಕ್ಷರು ಬಿರುಕಿಗೇ ಬೆದರಿದರೆಂದು ಚಹಾದಂಗಡಿಯಲ್ಲಿ ಮಂದಿ ನಗಾಡಿದರು. "ಇವತ್ತ ಹೋಗ್ತೇವ್ರಿ," ಎಂದು ಮಾಯಪ್ಪ ದಿನಾ ಹೊರಡುವುದು, "ಇನ್ನೊಂದ ದಿನಾ ತಡಿ," ಎಂದು ಈರಯ್ಯನವರು ಕೈಮುಗಿಯುವುದು. ಗೋಡೆ ಬೀಳುವ ಸಪ್ಪಳಕ್ಕೆ ತಾವೇ ಕಿವಿಗೊಟ್ಟು ಕಾಯುತ್ತಿರುವುದು ಹೊಳೆದಾಗ ಅವರಿಗೆ ನಾಚಿಕೆಯಾಯಿತು.

ಒಂದು ಮಧ್ಯಾಹ್ನ ಕಚೇರಿಯಲ್ಲಿದ್ದಾಗ ಗೋಡೆ ಬಿದ್ದ ಸಪ್ಪಳ ಕೇಳಿಸಿತು. ಬೆಳಿಗ್ಗೆ ಮಾಯಪ್ಪ ತನ್ನ ಮನೆಗೆಂದು ಸಿಟ್ಟಿನಿಂದ ಎದ್ದು ಹೋಗಿದ್ದ. ಈರಯ್ಯನವರು ಬರಿಗಾಲಲ್ಲಿ ಓಡಿದರು. ಧೂಳಿನಲ್ಲಿ ಏನೂ ಕಾಣಲಿಲ್ಲ. ಮಾಯಪ್ಪನ ಹೆಸರು ಹಿಡಿದು ಕೂಗಿದರು. ಧೂಳು ಇಳಿದಾಗ ಅವನು ಎದುರಿನ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದ. ಮನೆಯ ಬೀಗದ ಕೈ ಇನ್ನೂ ಕೈಯಲ್ಲೇ ಇತ್ತು.

ಮಾಯಪ್ಪನೆಂದ, "ಸುತ್ತ ಹಗ್ಗಾ ಕಟ್ಟಸ್ರಿ ಸಾಹೇಬ್ರ. ಮಂದಿ ಸನೇಕ ಬರಾಕತ್ತಾರ."

ಮುಂದಿನ ಚುನಾವಣೆಗೆ ಈರಯ್ಯನವರು ನಿಲ್ಲಲಿಲ್ಲ. ಮತ್ತೆ ಕರಿ ಕೋಟು ತೊಟ್ಟರು. ಹಳೇ ಮನೆಗಳ ಖಟ್ಲೆ ಬಂದರೆ ಮಾತ್ರ ಬೇರೆ ವಕೀಲರ ಕಡೆ ಕಳಿಸಿಬಿಡುತ್ತಿದ್ದರು.